ಪರದೆಯ ಆಚೆಗಿನ ಪೆಟ್ಟಿಗೆ

ಹೋದ ಮಳೆಗಾಲದಲ್ಲಿ ನನ್ನ ತಮ್ಮ ಎರಡು ದೊಡ್ಡ ಪ್ಲೈವುಡ್ ಹಲಗೆಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದಾಗ, ಅಡಿಗೆಮನೆಗೆ ಹೊಸ ಕಪಾಟು ಬಂತೆಂದು ಅಮ್ಮ ಸಂತೋಷಪಟ್ಟಳು. ಆಚಾರ್ರು ಬಂದು ಅವನು ಹಾಳೆಯ ಮೇಲೆ ಬರೆದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೇನು ಸ್ವಾಮಿ, ದೇವರ ಮಂಟಪವಾ?" ಎಂದು ಕೇಳಿದರು. ಐದೂವರೆ ಅಡಿ ಎತ್ತರ, ಎರಡಡಿ ಅಗಲ, ಎದೆಯ ಮಟ್ಟದಲ್ಲಿ ಒಂದು ಹಲಗೆ ಮುಂದಕ್ಕೆ ಚಾಚಿದೆ, ತಲೆಯ ಮೇಲೆ ದೀಪದ ಪಟ್ಟಿ. ಮಂಟಪವೆಂದುಕೊಂಡದ್ದರಲ್ಲಿ ಅವರ ತಪ್ಪೇನೂ ಇಲ್ಲ.

"ಅಲ್ಲ ಆಚಾರ್ರೇ, ವಿಡಿಯೋ ಗೇಮ್ ಪೆಟ್ಟಿಗೆ" ಎಂದ ತಮ್ಮ.

ಅಮ್ಮ ಏನೂ ಮಾತಾಡದೆ ಒಳಗೆ ಹೋದಳು. ನಾನೂ ಸುಮ್ಮನಾದೆ. ಬೆಂಗಳೂರಿನ ಕೆಲಸ ಹೋಗಿ ಅವನು ಶಿವಮೊಗ್ಗೆಗೆ ಬಂದು ಆರು ತಿಂಗಳಾಗಿತ್ತು. ಐವತ್ತು ದಾಟಿದ ಗಂಡಸು ಹಗಲೆಲ್ಲ ಮನೆಯಲ್ಲಿ ಕೂತರೆ ಮನೆಯ ಗಾಳಿಯೇ ಭಾರವಾಗುತ್ತದೆ. ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಂಥದರಲ್ಲಿ ಆಟದ ಪೆಟ್ಟಿಗೆ! ಅದೂ ನನ್ನ ಹೊಲಿಗೆ ಮಿಷನ್ನಿದ್ದ ಹಿಂದಿನ ಕೋಣೆಯಲ್ಲಿ. "ಅಕ್ಕಾ, ಒಂದು ತಿಂಗಳು ಮಿಷನ್ ಪಡಸಾಲೆಗೆ ಹಾಕ್ಕೊಳ್ಳೇ" ಎಂದ. ಹಾಕಿಕೊಂಡೆ. ಆದರೆ ನನ್ನ ಸಂಕಟ ಮಿಷನ್ನಿನದಾಗಿರಲಿಲ್ಲ. ವಿಡಿಯೋ ಗೇಮ್ ಎಂಬ ಮಾತು ನಮ್ಮ ಮನೆಯಲ್ಲಿ ಸುಮಾರು ನಲವತ್ತು ವರ್ಷಗಳಿಂದ ಯಾರೂ ಆಡದ ಮಾತು.

1987ರ ಮಾತಿದು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಕಪ್ಪು ಪರದೆ. ಒಳಗಿನಿಂದ ಬಣ್ಣದ ಬೆಳಕು, ಕುಂಯ್ ಕುಂಯ್ ಸದ್ದು, ಬೀಡಿಯ ವಾಸನೆ. ನಾನು ಕಾಲೇಜಿಗೆ ಹೋಗುವಾಗ ಆ ಪರದೆಯ ಮುಂದೆಯೇ ಹೋಗಬೇಕು. ನಿಂತು ನೋಡುವ ಹಾಗಿರಲಿಲ್ಲ. ಹುಡುಗಿಯರು ಆ ಕಡೆ ತಿರುಗಿದರೂ ಊರಲ್ಲಿ ಸುದ್ದಿ. ಒಂದು ದಿನ ಅಮ್ಮನ ಸಾಸಿವೆ ಡಬ್ಬಿಯಲ್ಲಿದ್ದ ಹತ್ತು ರೂಪಾಯಿ ನೋಟು ಕಾಣೆಯಾಯಿತು. ಎಂಟನೆಯ ಕ್ಲಾಸಿನಲ್ಲಿದ್ದ ತಮ್ಮ ಸಂಜೆಯಾದರೂ ಬರಲಿಲ್ಲ. ನಾನು ಹುಡುಕಿಕೊಂಡು ಹೋಗಿ, ಪರದೆಯ ಹೊರಗೆ ನಿಂತು, ಒಬ್ಬ ಹುಡುಗನ ಕೈಲಿ ಹೇಳಿ ಕಳಿಸಿ ಅವನನ್ನು ಹೊರಗೆ ಕರೆಸಿದೆ. ಮನೆಗೆ ಬಂದು ಅಪ್ಪನಿಗೆ ಎರಡನ್ನೂ ಒಟ್ಟಿಗೆ ಹೇಳಿದೆ: ದುಡ್ಡು ಹೋದದ್ದು, ಇವನು ಅಲ್ಲಿದ್ದದ್ದು. ಅಪ್ಪ ಬೆಲ್ಟು ತೆಗೆದರು. ಅವನು ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಮಾತಾಡಿದ, ಆದರೆ ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದ.

ಹೀಗಾಗಿ ಪೆಟ್ಟಿಗೆ ಕಟ್ಟುವುದನ್ನು ನೋಡುತ್ತ ನಾನು ಕೇಳಿದ್ದು ಬರೀ ಅದರ ಚರಿತ್ರೆಯನ್ನು. ಅಷ್ಟು ಕೇಳಲು ಧೈರ್ಯ ಬೇಕಿರಲಿಲ್ಲ. ಅವನು ಹೇಳಿದ, ಮಿಕ್ಕದ್ದನ್ನು ನಾನೇ ಓದಿ ತಿಳಿದೆ. ಓದುತ್ತ ಹೋದ ಹಾಗೆ, ಕಪ್ಪು ಪರದೆಯ ಹಿಂದೆ ನಾನೆಣಿಸಿದ್ದಕ್ಕಿಂತ ಬೇರೆಯೇ ಕಥೆ ಇತ್ತು.

ಮೊದಲನೆಯದಾಗಿ, ಈ ಪೆಟ್ಟಿಗೆಗಳ ವಂಶದ ಹಿರಿಯಣ್ಣನೂ ಮನೆಯ ಕೋಣೆಯಲ್ಲೇ ಹುಟ್ಟಿದವನು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ಎಂಬ ಇಬ್ಬರು ಎಂಜಿನಿಯರ್‌ಗಳು ನಾಣ್ಯ ಹಾಕಿ ಆಡುವ ವಿಡಿಯೋ ಆಟವೊಂದನ್ನು ಮಾಡಲು ಹೊರಟರು. ಜಾಗ ಬೇಕಿತ್ತು. ಮನೆಯ ಮಗಳನ್ನು ಅವಳ ಮಲಗುವ ಕೋಣೆಯಿಂದ ಬೇರೆ ಕಡೆಗೆ ಕಳಿಸಿ ಅಲ್ಲಿ ತಂತಿ, ಬೆಸುಗೆ ಕಡ್ಡಿ ಹರಡಿಕೊಂಡರು. ಯಾರ ಮಗಳು ಎಂಬ ವಿಷಯದಲ್ಲಿ ಮಾತ್ರ ಇಬ್ಬರ ನೆನಪೂ ಬೇರೆ ಬೇರೆ: ನನ್ನ ಮಗಳ ಕೋಣೆ ಎಂದು ಬುಶ್ನೆಲ್, ಅಲ್ಲ ನನ್ನ ಮಗಳದು ಎಂದು ಡಾಬ್ನಿ. ಯಾವ ಮಗಳಾದರೇನು, ಮೊದಲು ಜಾಗ ಬಿಟ್ಟುಕೊಟ್ಟವಳು ಒಬ್ಬ ಹುಡುಗಿ. ಇದನ್ನು ಓದಿದಾಗ ಪಡಸಾಲೆಯಲ್ಲಿದ್ದ ನನ್ನ ಮಿಷನ್ನನ್ನು ನೋಡಿ ನಗು ಬಂತು.

ಅಲ್ಲಿಂದ ಬಂದ ಆಟ 'ಕಂಪ್ಯೂಟರ್ ಸ್ಪೇಸ್'. 1971ರಲ್ಲಿ ಇನ್ನೊಂದು ಕಂಪನಿಯ ಮೂಲಕ ಫೈಬರ್‌ಗ್ಲಾಸಿನ ನುಣುಪಾದ ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂತು. ನೋಡಲು ಚೆಂದ, ಆಡಲು ಕಷ್ಟ. ಹೆಚ್ಚು ಹೆಸರು ಮಾಡಲಿಲ್ಲ. ಇಬ್ಬರೂ ತಲಾ 250 ಡಾಲರ್ ಹಾಕಿ 1972ರ ಜೂನ್‌ನಲ್ಲಿ 'ಅಟಾರಿ' ಎಂಬ ಸ್ವಂತ ಕಂಪನಿ ತೆರೆದರು. ಬುಶ್ನೆಲ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ 17 ವರ್ಷದ ಹುಡುಗಿಯೇ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಹೊಸದಾಗಿ ಬಂದ ಎಂಜಿನಿಯರ್ ಆಲ್ ಆಲ್ಕಾರ್ನ್‌ಗೆ ಕೈ ಪಳಗಲೆಂದು ಒಂದು ಸುಲಭದ ಕೆಲಸ ಕೊಟ್ಟರು: ಎರಡು ಗೆರೆಗಳು, ನಡುವೆ ಅತ್ತಿತ್ತ ಪುಟಿಯುವ ಚುಕ್ಕೆ. ಅದೇ 'ಪಾಂಗ್'. ಅಂಗಡಿಯಿಂದ ಕೊಂಡ ಕಪ್ಪುಬಿಳುಪು ಟಿವಿಯನ್ನು ಡಾಬ್ನಿ ಮಾಡಿದ ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಸನಿವೇಲ್ ಎಂಬ ಊರಿನ ಒಂದು ಮದ್ಯದಂಗಡಿಯಲ್ಲಿ ಇಟ್ಟರು. ಕೆಲವು ದಿನಗಳಲ್ಲೇ ಯಂತ್ರ ಕೆಟ್ಟಿತೆಂದು ಅಂಗಡಿಯವನಿಂದ ದೂರು ಬಂತು. ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಯಂತ್ರಕ್ಕೆ ಏನೂ ಆಗಿಲ್ಲ. ನಾಣ್ಯ ಬೀಳಲೆಂದು ಇಟ್ಟ ಡಬ್ಬ ತುಂಬಿ ಉಕ್ಕಿತ್ತು! ಹುಂಡಿ ತುಂಬಿ ಬಾಗಿಲು ಮುಚ್ಚಿದ ದೇವಸ್ಥಾನದ ಹಾಗೆ.

ಇದಾದ ಆರು ವರ್ಷಕ್ಕೆ, 1978ರಲ್ಲಿ, ಜಪಾನಿನ ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್‌ವೇಡರ್ಸ್' ಮಾಡಿದರು. ಆಕಾಶದಿಂದ ಸಾಲಾಗಿ ಇಳಿದು ಬರುವ ಅನ್ಯಗ್ರಹದ ಸೈನ್ಯಕ್ಕೆ ಕೆಳಗಿನಿಂದ ಗುಂಡು ಹೊಡೆಯುವುದು. ಆಟ ಸಾಗಿದಂತೆ ಆ ಸೈನ್ಯ ಓಡೋಡಿ ಬರುತ್ತದಲ್ಲ, ಅದರ ಗುಟ್ಟು ಸ್ವಾರಸ್ಯವಾಗಿದೆ. ಐವತ್ತೈದು ಗೊಂಬೆಗಳನ್ನು ಬರೆಯುವಷ್ಟು ಶಕ್ತಿ ಆ ಕಾಲದ ಚಿಪ್‌ಗೆ ಕಷ್ಟದಿಂದ ಇತ್ತು. ಗೊಂಬೆಗಳು ಸತ್ತಂತೆಲ್ಲ ಅದರ ಕೆಲಸ ಕಡಿಮೆಯಾಗಿ ಉಳಿದವು ಬೇಗ ಬೇಗ ಚಲಿಸತೊಡಗಿದವು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಬಣ್ಣವೂ ಮೊದಲಿಗೆ ನಿಜವಾದ ಬಣ್ಣವಲ್ಲ. ಕಪ್ಪುಬಿಳುಪು ಪರದೆಯ ಮೇಲೆ ಬಣ್ಣದ ಹಾಳೆಯ ಪಟ್ಟಿ ಅಂಟಿಸಿದ್ದು. ನಾವು ಚಿಕ್ಕವರಿದ್ದಾಗ ಕೆಲವರ ಮನೆಯ ಟಿವಿಗೆ ನೀಲಿ ಗಾಜಿನ ಹಾಳೆ ಹಾಕುತ್ತಿದ್ದರಲ್ಲ, ಹಾಗೆ.

ಆಟ ಜಪಾನನ್ನೂ ಅಮೆರಿಕಾವನ್ನೂ ಹುಚ್ಚು ಹಿಡಿಸಿತು. ಅದರ ಬೆನ್ನಿಗೆ ಬಂದವೆಲ್ಲ ಹೊಡಿ, ಬಡಿ, ಸುಡು ಎಂಬ ಆಟಗಳೇ. ಆಟದ ಅಂಗಡಿಗಳು ಹೆಚ್ಚಾಗಿ ಹುಡುಗರು ಗುಂಪುಗಟ್ಟುವ ಕತ್ತಲೆಯ ಜಾಗಗಳಾದವು. ಎಂದರೆ ನಮ್ಮ ಬಸ್ ಸ್ಟ್ಯಾಂಡಿನ ಹಿಂದಿನ ಪರದೆ ನಮ್ಮೂರಿನದೊಂದೇ ಅಲ್ಲ.

ಆ ಪರದೆಯನ್ನು ಸರಿಸಬೇಕೆಂದು ಒಬ್ಬ ಮನುಷ್ಯನಿಗೆ ಅನ್ನಿಸಿತೆಂಬುದು ನನಗೆ ಗೊತ್ತೇ ಇರಲಿಲ್ಲ. ಆತ ತೋರು ಇವಾತಾನಿ, ನ್ಯಾಮ್ಕೊ ಕಂಪನಿಯ ಇಪ್ಪತ್ತೈದರ ಆಸುಪಾಸಿನ ತರುಣ. ಆಟದ ಅಂಗಡಿಗಳಲ್ಲಿ ಹೆಂಗಸರು ಏಕಿಲ್ಲ, ಅವರೂ ಜೋಡಿಗಳೂ ಸಂತೋಷವಾಗಿ ಬಂದು ಆಡುವ ಆಟ ಹೇಗಿರಬೇಕು ಎಂದು ಯೋಚಿಸಿದರಂತೆ. ಹೆಂಗಸರ ಮಾತುಕತೆಯಲ್ಲಿ ಬರುವ ವಿಷಯಗಳನ್ನು ಲೆಕ್ಕ ಹಾಕಿ, ಕೊನೆಗೆ 'ತಿನ್ನುವುದು' ಎಂಬಲ್ಲಿಗೆ ಬಂದು ನಿಂತರು. ಓದಿದ ಕೂಡಲೇ ನನಗೆ ಸಿಟ್ಟೇ ಬಂತು. ಹೆಂಗಸರೆಂದರೆ ತಿಂಡಿಯೇ? ಮೂರು ಹೊತ್ತು ಬೇಯಿಸಿ ಬಡಿಸುವವರ ಬಗ್ಗೆ ತಿನ್ನುವವರೆಂದು ಲೆಕ್ಕ ಹಾಕಿದನಲ್ಲ! ಆದರೆ ಒಂದು ಮಾತು: ಆ ಕಾಲದಲ್ಲಿ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರ ನಡುವೆ ಈತ ತಪ್ಪೋ ಸರಿಯೋ ಲೆಕ್ಕಕ್ಕೆ ತೆಗೆದುಕೊಂಡ.

ಹಾಗೆ ಹುಟ್ಟಿದ್ದು 'ಪ್ಯಾಕ್‌ಮ್ಯಾನ್'. ಒಂದು ತುಂಡು ತೆಗೆದ ಪಿಜ್ಜಾ ಕಂಡು ಆ ಹಳದಿ ದುಂಡುಮುಖ ಹೊಳೆಯಿತೆಂದು ಅವರು ಹೇಳಿದ್ದುಂಟು. ಅದು ಅರ್ಧ ನಿಜ, ಬಾಯಿ ಎಂಬ ಅರ್ಥದ ಜಪಾನಿ ಅಕ್ಷರವನ್ನು ದುಂಡಗೆ ಮಾಡಿದ್ದೂ ಇದೆ ಎಂದೂ ಹೇಳಿದ್ದಾರೆ. ಬಾಯಿ ತೆರೆದು ಮುಚ್ಚಿ ತಿನ್ನುವುದಕ್ಕೆ ಜಪಾನಿನಲ್ಲಿ 'ಪಾಕು ಪಾಕು' ಎನ್ನುತ್ತಾರೆ, ನಾವು 'ಗುಳುಂ' ಎಂದಹಾಗೆ. 1980ರ ಮೇ 22ರಂದು ಟೋಕಿಯೋದ ಶಿಬುಯಾದಲ್ಲಿ ಅದನ್ನು ಮೊದಲು ಜನರ ಮುಂದೆ ಇಟ್ಟರು. ಆಗ ಅದರ ಹೆಸರು 'ಪಕ್‌ಮ್ಯಾನ್'. ಅಮೆರಿಕಾಕ್ಕೆ ಹೊರಟಾಗ, ಕೀಟಲೆ ಹುಡುಗರು ಮೊದಲ ಅಕ್ಷರವನ್ನು ಕೆರೆದು ಕೆಟ್ಟ ಬೈಗುಳ ಮಾಡಿಬಿಟ್ಟಾರೆಂದು ಹೆದರಿ ಹೆಸರು ಬದಲಿಸಿದರು.

ಆಟ ತಿಳಿಯದವರಿಗೆ ಎರಡು ಮಾತು. ಒಂದು ಚಕ್ರವ್ಯೂಹ, ಅದರ ಓಣಿಗಳ ತುಂಬ 240 ಸಣ್ಣ ಚುಕ್ಕೆ, ಮೂಲೆಗಳಲ್ಲಿ ನಾಲ್ಕು ದೊಡ್ಡ ಗುಳಿಗೆ. ಎಲ್ಲವನ್ನೂ ತಿಂದು ಮುಗಿಸಬೇಕು. ನಾಲ್ಕು ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ. ದೊಡ್ಡ ಗುಳಿಗೆ ತಿಂದರೆ ಸ್ವಲ್ಪ ಹೊತ್ತು ನಾವೇ ದೆವ್ವಗಳನ್ನು ನುಂಗಬಹುದು. ನಾಲ್ಕಕ್ಕೂ ನಾಲ್ಕು ಸ್ವಭಾವ: ಕೆಂಪಿನದು ನೇರ ಬೆನ್ನು ಹತ್ತುತ್ತದೆ, ಗುಲಾಬಿಯದು ನಾವು ಹೋಗುವ ದಾರಿಯನ್ನು ಊಹಿಸಿ ಮುಂದೆ ಬಂದು ನಿಲ್ಲುತ್ತದೆ, ನೀಲಿಯದು ಕೆಂಪಿನದರ ಜಾಗ ನೋಡಿಕೊಂಡು ತನ್ನ ದಾರಿ ಹಿಡಿಯುತ್ತದೆ, ಕಿತ್ತಳೆಯದು ಜೋರಾಗಿ ಬಂದು, ಹತ್ತಿರವಾದ ಕೂಡಲೇ ಹೆದರಿ ಮೂಲೆಗೆ ತಿರುಗುತ್ತದೆ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಈ ನಾಲ್ವರ ಪರಿಚಯ ಮಾಡಿಕೊಡಬೇಕಾಗಿಲ್ಲ! ಇವಾತಾನಿಯ ದೊಡ್ಡ ಗುಣ ಇನ್ನೊಂದಿದೆ. ದೆವ್ವಗಳು ಒಂದೇ ಸಮನೆ ಅಟ್ಟಿಸಿದರೆ ಆಡುವವರು ಬಳಲುತ್ತಾರೆಂದು, ನಡುನಡುವೆ ಅವು ಬೆನ್ನು ಬಿಟ್ಟು ತಮ್ಮ ಮೂಲೆಗಳಿಗೆ ಹೋಗುವಂತೆ ಮಾಡಿದರು. ಉಸಿರು ತೆಗೆದುಕೊಳ್ಳಲು ಅಷ್ಟು ಬಿಡುವು ಸಿಗುತ್ತದೆ.

ಆಟ ಗೆದ್ದಿತು. ಹೆಂಗಸರೂ ಬಂದರು. ಅಮೆರಿಕಾದಲ್ಲಿ 1982ರಲ್ಲಿ ತಲೆಗೆ ರಿಬ್ಬನ್ ಕಟ್ಟಿ, ತುಟಿಗೆ ಬಣ್ಣ ಹಚ್ಚಿದ 'ಮಿಸ್ ಪ್ಯಾಕ್‌ಮ್ಯಾನ್' ಬಂದು, ಅದರ ಯಂತ್ರಗಳು ಲಕ್ಷಕ್ಕೂ ಮೀರಿ ಮಾರಾಟವಾದವು. ಆಡುವುದಷ್ಟೇ ಅಲ್ಲ, ಆಟ ಮಾಡುವ ಕಡೆಗೂ ಒಬ್ಬ ಹೆಣ್ಣುಮಗಳು ಬಂದಳು. ಡೋನಾ ಬೇಲಿ ಎಂದು ಹೆಸರು. ಜನರಲ್ ಮೋಟರ್ಸ್‌ನಲ್ಲಿ ಕಾರಿನೊಳಗಿನ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದಾಕೆ. ಸ್ಪೇಸ್ ಇನ್‌ವೇಡರ್ಸ್ ಬಗ್ಗೆ ಕೇಳಿ, ಹೋಗಿ ಆಡಿ ನೋಡಿ, ಇದನ್ನೂ ತಾನು ಬರೆಯಬಲ್ಲೆ ಎನ್ನಿಸಿ 1980ರಲ್ಲಿ ಅಟಾರಿಗೆ ಸೇರಿದರು. ನಾಣ್ಯದ ಆಟಗಳ ವಿಭಾಗದಲ್ಲಿ ಪ್ರೋಗ್ರಾಮ್ ಬರೆಯುವ ಹೆಣ್ಣು ಅವರೊಬ್ಬರೇ. ಅಲ್ಲಿದ್ದ ಒಂದು ಪುಸ್ತಕದಲ್ಲಿ ಮುಂದೆ ಮಾಡಬಹುದಾದ ಆಟಗಳ ಪಟ್ಟಿ ಇತ್ತು. ಹೆಚ್ಚಿನವು ಯುದ್ಧದ ಆಟಗಳು. ತೆವಳುವ ಒಂದು ಹುಳುವಿನ ವಿಷಯ ಒಂದೇ ಸಾಲಿನಲ್ಲಿ ಇತ್ತು. ಡೋನಾ ಅದನ್ನೇ ಆರಿಸಿಕೊಂಡರು. ಎಡ್ ಲಾಗ್ ಜೊತೆ ಸೇರಿ 1981ರಲ್ಲಿ ತಂದ ಆ ಆಟ 'ಸೆಂಟಿಪೀಡ್': ಅಣಬೆಗಳ ನಡುವೆ ಇಳಿದು ಬರುವ ಜರಿಹುಳ, ಕಣ್ಣಿಗೆ ಹಿತವಾದ ತಿಳಿಬಣ್ಣಗಳು, ಅಂಗೈಯಿಂದ ಉರುಳಿಸುವ ಚೆಂಡು. ಹೆಂಗಸರು ಅದನ್ನು ತುಂಬ ಮೆಚ್ಚಿದರು. ಒಬ್ಬಂಟಿಯಾಗಿ ದುಡಿದದ್ದು ಸುಲಭವಿರಲಿಲ್ಲವೇನೋ, 1982ರಲ್ಲೇ ಡೋನಾ ಅಟಾರಿ ಬಿಟ್ಟರು. ಅವರು ಮಾಡಿದ್ದನ್ನು ಲಕ್ಷಾಂತರ ಜನ ಆಡಿದರು. ಹೆಸರು ಮಾತ್ರ ಬಹಳ ವರ್ಷ ಯಾರಿಗೂ ತಿಳಿಯಲಿಲ್ಲ.

ಆಮೇಲಿನದು ಎಲ್ಲ ಸಂತೆಗಳ ಕಥೆ. ಆಟಗಳು ಮನೆಯ ಟಿವಿಗೆ, ಕಂಪ್ಯೂಟರಿಗೆ, ಕೊನೆಗೆ ಕೈಯ ಫೋನಿಗೆ ಬಂದವು. ಅಂಗಡಿಗಳು ಮುಚ್ಚಿದವು, ಪೆಟ್ಟಿಗೆಗಳು ಗುಜರಿಗೆ ಹೋದವು. ಒಳಗಿನ ಚಿಪ್‌ಗಳು ಕೆಟ್ಟರೆ ಆಟವೇ ಇಲ್ಲವಾಗುತ್ತದೆಂದು ಮರುಗಿದವರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಒಬ್ಬರು. ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಕಂಪ್ಯೂಟರಿನಲ್ಲಿ ಹಾಗೆಯೇ ಅನುಕರಿಸುವ 'ಮೇಮ್' ಎಂಬ ಪ್ರೋಗ್ರಾಮನ್ನು 1997ರ ಫೆಬ್ರುವರಿಯಲ್ಲಿ ಹೊರತಂದರು. ಮನೆಯಲ್ಲಿ ಪೆಟ್ಟಿಗೆ ಕಟ್ಟುವ ಹವ್ಯಾಸ ಲೋಕದಲ್ಲೆಲ್ಲ ಹರಡಿದ್ದು ಬಹುಮಟ್ಟಿಗೆ ಅದರಿಂದ: ಒಂದೇ ಪೆಟ್ಟಿಗೆ, ಒಳಗೆ ಹಲವು ಆಟ. ಆದರೆ ಅನುಕರಿಸುವ ಪ್ರೋಗ್ರಾಮ್ ಪುಕ್ಕಟೆಯಾದರೂ ಆಟಗಳ ಹಕ್ಕು ಆಯಾ ಕಂಪನಿಗಳದೇ. ತಮ್ಮ ಈ ವಿಷಯದಲ್ಲಿ ಹಟ ಹಿಡಿದ. "ಕದ್ದು ತಂದಿದ್ದು ಒಂದೂ ಇದರಲ್ಲಿ ಬೇಡ" ಎಂದು, ಅಟಾರಿಯ ಮತ್ತು ಪ್ಯಾಕ್‌ಮ್ಯಾನಿನ ಹಳೆಯ ಆಟಗಳನ್ನು ಕಟ್ಟು ಮಾಡಿ 2022ರಲ್ಲಿ ಕಂಪನಿಗಳೇ ಮಾರಾಟಕ್ಕೆ ತಂದದ್ದನ್ನು ದುಡ್ಡು ಕೊಟ್ಟು ಕೊಂಡ. 'ಕದ್ದು' ಎಂಬ ಮಾತನ್ನು ಅವನು ತಲೆಯೆತ್ತದೆ ಆಡಿದ. ನನಗೆ ಚುರುಕ್ಕೆಂದಿತು.

ಇನ್ನು ಪೆಟ್ಟಿಗೆ. ಹದಿನೆಂಟು ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಎರಡು ಪಕ್ಕೆಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೆ ಕೊಯ್ದರು, ಬ್ಲೌಸಿನ ಎರಡು ತೋಳು ಕತ್ತರಿಸುವ ಹಾಗೆ. ಇಲ್ಲದಿದ್ದರೆ ಒಂದು ಪಕ್ಕ ಕುಳ್ಳಾಗುತ್ತದೆ. ಪರದೆಗೆ ಒಂದು ಹಳೆಯ ಚೌಕದ ಮಾನಿಟರ್. ಹಳೆಯ ಪೆಟ್ಟಿಗೆಗಳಲ್ಲಿ ಗಾಜಿನ ಗುಂಡಿಯ ಟಿವಿ ಇರುತ್ತಿತ್ತು. ಅದನ್ನು ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಗೊತ್ತಿಲ್ಲದವರು ಕೈ ಹಾಕಿದರೆ ಜೀವಕ್ಕೇ ಅಪಾಯ ಎಂದು ತಮ್ಮ ಅದನ್ನು ಬೇಡವೆಂದ. ಪ್ಯಾಕ್‌ಮ್ಯಾನಿನ ಪರದೆ ನಿಂತದ್ದು, ಪಾಂಗಿನದು ಮಲಗಿದ್ದು. ಎರಡಕ್ಕೂ ಒಂದೇ ಪರದೆಯಾದ್ದರಿಂದ ನಿಂತ ಆಟಗಳ ಎರಡು ಬದಿಗೆ ಕಪ್ಪು ಪಟ್ಟಿ ಬಿಟ್ಟು ರಾಜಿಯಾದ. ಕೆಳಗೆ ಒಂದು ಹಳೆಯ ಕಂಪ್ಯೂಟರ್, ಗಾಳಿಯಾಡಲು ಬೆನ್ನಿಗೆ ತೂತುಗಳು, ಮೇಲೆ ಎರಡು ಸ್ಪೀಕರ್.

ಕೈಯಾಡಿಸುವ ಹಲಗೆಯ ಕೆಲಸ ತಮ್ಮನ ಮಗಳದು. ಎಂಜಿನಿಯರಿಂಗ್ ಓದುವ ಹುಡುಗಿ, ರಜೆಗೆ ಬಂದಿದ್ದಳು. ಪ್ರತಿಯೊಂದು ಗುಂಡಿಯ ಕೆಳಗೂ ಟಿಕ್ಕೆನ್ನುವ ಒಂದು ಪುಟ್ಟ ಸ್ವಿಚ್ಚು; ಅದರಿಂದ ಎರಡು ತಂತಿ ಒಂದು ಸಣ್ಣ ಬೋರ್ಡಿಗೆ ಹೋಗುತ್ತವೆ; ಆ ಬೋರ್ಡು ಕಂಪ್ಯೂಟರಿಗೆ, ಗುಂಡಿ ಒತ್ತಿದರು ಎಂದು ಚಾಡಿ ಹೇಳುತ್ತದೆ. ಹಿಡಿಯುವ ಕೋಲಿಗೆ ನಾಲ್ಕು ದಿಕ್ಕಿಗೆ ನಾಲ್ಕು ಸ್ವಿಚ್ಚು. ಅದು ಓರೆಯಾಗಿಯೂ ವಾಲಿದರೆ ಪ್ಯಾಕ್‌ಮ್ಯಾನ್ ತಿರುವುಗಳಲ್ಲಿ ತಬ್ಬಿಬ್ಬಾಗುತ್ತಾನೆಂದು, ನಾಲ್ಕೇ ದಿಕ್ಕಿಗೆ ಬಿಡುವ ತಗಡಿನ ಅಡ್ಡಪಟ್ಟಿ ಹಾಕಿದರು. ಜರಿಹುಳದ ಆಟಕ್ಕೆ ಚೆಂಡು ಉರುಳಿಸುವ ಒಂದು ಮೌಸ್.

ಮೊದಲ ರಾತ್ರಿ ಕರೆಂಟು ಕೊಟ್ಟರೆ ಎಲ್ಲ ತಿರುವು ಮುರುವು! ಮೇಲೆ ತಳ್ಳಿದರೆ ಪ್ಯಾಕ್‌ಮ್ಯಾನ್ ಕೆಳಗೆ ಓಡುತ್ತಾನೆ, ಎಡಕ್ಕೆಂದರೆ ಬಲಕ್ಕೆ. ಅಪ್ಪ ಮಗಳು ಎರಡು ಗಂಟೆ ತಲೆ ಕೆರೆದುಕೊಂಡರು. ಕೊನೆಗೆ ಅಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತ, "ಮಜ್ಜಿಗೆ ಕಡೆಯೋವಾಗ ಕಡಗೋಲಿನ ತಲೆ ಆಚೆಗೆ ವಾಲಿದ್ರೆ ಬುಡ ಈಚೆಗೆ ಬರತ್ತಲ್ರೋ" ಎಂದಳು. ಅಷ್ಟೇ ವಿಷಯ. ಕೋಲಿನ ತಲೆ ಮೇಲಕ್ಕೆ ಹೋದಾಗ ಹಲಗೆಯ ಅಡಿಯಲ್ಲಿರುವ ಬುಡ ಕೆಳಗಿನ ಸ್ವಿಚ್ಚನ್ನು ಒತ್ತುತ್ತದೆ. ತಂತಿಗಳನ್ನು ಅದಲು ಬದಲು ಮಾಡಿದ ಮೇಲೆ ಎಲ್ಲ ಸರಿಹೋಯಿತು. ಅಂದಿನಿಂದ ಅಮ್ಮನೂ ಆ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದಳು.

ಮುಗಿದ ದಿನ ತಮ್ಮ ಮುಂಭಾಗಕ್ಕೆ ನಾಣ್ಯ ಹಾಕುವ ಸೀಳು ಕೊರೆದ. ನಾಣ್ಯ ಒಂದು ಸ್ವಿಚ್ಚನ್ನು ಸವರಿಕೊಂಡು ಒಳಗಿನ ಹಾರ್ಲಿಕ್ಸ್ ಬಾಟಲಿಗೆ ಬೀಳುತ್ತದೆ. "ನಮ್ಮನೇಲೇ ದುಡ್ಡು ಹಾಕಿ ಆಡ್ಬೇಕಾ?" ಎಂದೆ.

"ಹಾಕಬೇಕು ಅಕ್ಕಾ. ಇಲ್ಲದಿದ್ರೆ ಅದು ಆಟ ಅನ್ಸಲ್ಲ" ಎಂದು, ಸ್ವಲ್ಪ ತಡೆದು ಹೇಳಿದ: "ನಾನು ಆಗ ಆಡ್ತಿದ್ದದ್ದು ವಾರಕ್ಕೆ ಒಂದೇ ಸಲ, ಗೊತ್ತಾ? ಒಂದು ರೂಪಾಯಿ ಅಪ್ಪ ಶನಿವಾರ ಕೊಡ್ತಿದ್ದದ್ದು. ಮಿಕ್ಕ ದಿನ ಬೇರೆಯವರ ಹಿಂದೆ ನಿಂತು ನೋಡ್ತಿದ್ದೆ. ಅಲ್ಲಿ ಬಂದಿದ್ದವರಲ್ಲಿ ಅರ್ಧ ಜನ ನೋಡೋರೇ. ನೀನು ಕರೆಸಿದ ದಿನಾನೂ ನಾನು ನೋಡ್ತಾ ಇದ್ದೆ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಮತ್ತೆ ಆವತ್ತು ಹೇಳ್ಬಾರ್ದಿತ್ತೇನೋ?" ಎಂದೆ. "ಯಾರು ಕೇಳಿದ್ರು?" ಎಂದ. ಅದರಲ್ಲಿ ಕಹಿ ಇರಲಿಲ್ಲ. ಅದೇ ನನಗೆ ಹೆಚ್ಚು ತಾಗಿತು.

ಸ್ಟೂಲಿನ ಮೇಲಿದ್ದ ಅಮ್ಮ ಸೆರಗಿನ ಗಂಟು ಬಿಚ್ಚುತ್ತ, "ಆ ಹತ್ತು ರೂಪಾಯಿ ನಾನೇ ಅಗಸರವಳಿಗೆ ಕೊಟ್ಟಿದ್ದೆನೋ ಏನೋ. ಆಮೇಲೆ ಹಾಗೆ ಅನ್ನಿಸಿತ್ತು. ಅಷ್ಟರಲ್ಲಿ ಹೊಡೆದು ಆಗಿತ್ತಲ್ಲ, ನಿಮ್ಮಪ್ಪನ ಹತ್ರ ಹೇಗೆ ಹೇಳೋದು ಅಂತ ಸುಮ್ಮನಾದೆ" ಎಂದಳು. ಎಂಬತ್ತು ದಾಟಿದ ಅಮ್ಮ ಅದನ್ನು ಅಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದಳೋ. ಗಂಟಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ತಮ್ಮನ ಕೈಗಿಟ್ಟಳು. ಅವನು ಅದನ್ನು ನನ್ನ ಕೈಗಿಟ್ಟ. "ನೀನು ಆಡೇ ಮೊದಲು. ಆವತ್ತು ಹೊರಗೇ ನಿಂತಿದ್ದೆಯಲ್ಲ."

ನಾಣ್ಯ ಹಾಕಿದೆ. ಬಾಟಲಿಯಲ್ಲಿ ಟಣ್ಣೆಂದಿತು. ಹಳೆಯ ಆ ಸದ್ದು, ಕಾಲೇಜಿಗೆ ಹೋಗುವಾಗ ಪರದೆಯ ಆಚೆಯಿಂದ ಕೇಳುತ್ತಿದ್ದ ಅದೇ ಸದ್ದು, ಈಗ ನನ್ನ ಕೈಯಳತೆಯಲ್ಲಿ. ಒಂದು ನಿಮಿಷವೂ ಆಡಲಿಲ್ಲ, ಗುಲಾಬಿ ದೆವ್ವ ಎದುರಿನಿಂದ ಬಂದು ಹಿಡಿಯಿತು. ಸೊಸೆ ಚಪ್ಪಾಳೆ ತಟ್ಟಿ ನಕ್ಕಳು. "ಅತ್ತೆ, ಅದು ಹಿಂದಿನಿಂದ ಬರಲ್ಲ, ನೀವು ಹೋಗೋ ಕಡೆ ಮೊದಲೇ ಹೋಗಿ ಕಾಯತ್ತೆ" ಎಂದಳು.

ಈಗ ಓಣಿಯ ಮಕ್ಕಳು ಸಂಜೆ ಬರುತ್ತಾರೆ, ಹುಡುಗರೂ ಹುಡುಗಿಯರೂ. ಯಾರೋ ನೋಡಿ, ತಮಗೂ ಒಂದು ಮಾಡಿಕೊಡಿ ಎಂದು ಕೇಳಿದ್ದಾರೆ. ತಮ್ಮ ಮತ್ತು ಆಚಾರ್ರು ಕೂತು ಹಲಗೆಯ ಲೆಕ್ಕ ಹಾಕುತ್ತಿದ್ದಾರೆ. ನನ್ನ ಹೊಲಿಗೆ ಮಿಷನ್ ಇನ್ನೂ ಪಡಸಾಲೆಯಲ್ಲೇ ಇದೆ. ಇರಲಿ. ಆ ಕೋಣೆಯ ಬಾಗಿಲಿಗೊಂದು ಪರದೆ ಹೊಲಿದು ಕೊಡೆಂದು ಸೊಸೆ ಕೇಳಿದಳು, ಬೆಳಕು ಬಿದ್ದರೆ ಚಿತ್ರ ಮಂಕಾಗುತ್ತದಂತೆ. ಅದೊಂದನ್ನು ಮಾತ್ರ ನಾನು ಹೊಲಿದು ಕೊಡಲಿಲ್ಲ.